ಪಟ್ಟಕ್ಕೊಬ್ಬ ಮಗ

1865ರ ಜೂನ್ 18ರಂದು ಮೈಸೂರಿನ ಅರಮನೆಯಲ್ಲಿ ಒಂದು ದತ್ತು ಸ್ವೀಕಾರ ನಡೆಯಿತು. ಅದು ಇಂದು ಪ್ರವಾಸಿಗರು ಟಿಕೆಟ್ ಕೊಂಡು ನೋಡುವ ಅರಮನೆಯಲ್ಲ, ಅದೇ ಜಾಗದಲ್ಲಿದ್ದು 1897ರಲ್ಲಿ ಸುಟ್ಟುಹೋದ ಮರದ ಅರಮನೆ. ದತ್ತು ತೆಗೆದುಕೊಂಡವರು ಮುಮ್ಮಡಿ ಕೃಷ್ಣರಾಜ ಒಡೆಯರು. ಅವರಿಗೆ ಎಪ್ಪತ್ತೊಂದು ತುಂಬಲು ಇನ್ನೂ ಒಂದು ತಿಂಗಳಿತ್ತು. ಮಡಿಲಿಗೆ ಬಂದದ್ದು ಬೆಟ್ಟದಕೋಟೆ ಅರಸು ಮನೆತನದ ಚಾಮರಾಜೇಂದ್ರ. ವಯಸ್ಸು ಎರಡು ವರ್ಷ ನಾಲ್ಕು ತಿಂಗಳು. ಸಂಜೆಯ ಹೊತ್ತಿಗೆ ಆ ಮಗು ಮುಮ್ಮಡಿಯವರ ಮಗನಾಗಿತ್ತು, ಅವರ ಆಸ್ತಿಗೆ ವಾರಸುದಾರನಾಗಿತ್ತು, ಅವರ ಉತ್ತರಕ್ರಿಯೆಗೆ ಅಧಿಕಾರಿಯೂ ಆಗಿತ್ತು. ಇಷ್ಟರ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಆದರೆ ಅವರ ರಾಜ್ಯಕ್ಕೆ ಆ ಮಗು ವಾರಸುದಾರನೇ ಎಂಬ ಪ್ರಶ್ನೆಗೆ ಕಲ್ಕತ್ತೆಯಲ್ಲಿದ್ದ ಸರ್ಕಾರದ ಉತ್ತರ ಸ್ಪಷ್ಟವಾಗಿತ್ತು: ಅಲ್ಲ.

ಇನ್ನೊಂದು ತೊಡಕೂ ಇತ್ತು. ಬಿಟ್ಟುಹೋಗಲು ಮುಮ್ಮಡಿಯವರ ಕೈಯಲ್ಲಿ ರಾಜ್ಯವೇ ಇರಲಿಲ್ಲ. 1831ರಲ್ಲೇ ಕಂಪನಿ ಸರ್ಕಾರ ಆಡಳಿತವನ್ನು ಅವರಿಂದ ಕಿತ್ತುಕೊಂಡಿತ್ತು. ಮೂವತ್ತನಾಲ್ಕು ವರ್ಷಗಳಿಂದ ಅವರು ದಸರೆಯಲ್ಲಿ ಸಿಂಹಾಸನ ಏರುತ್ತಿದ್ದರು, ದರ್ಬಾರು ನಡೆಸುತ್ತಿದ್ದರು, ಪಂಡಿತರಿಗೆ ಶಾಲು ಹೊದಿಸುತ್ತಿದ್ದರು. ಕಂದಾಯ, ಪೊಲೀಸು, ನ್ಯಾಯ, ರಸ್ತೆ, ಕೆರೆ ಎಲ್ಲವೂ ಬೆಂಗಳೂರಿನಲ್ಲಿ ಕೂತ ಇಂಗ್ಲಿಷ್ ಕಮಿಷನರನ ಕೈಯಲ್ಲಿದ್ದವು. ಆಳದ ದೊರೆಯೊಬ್ಬರು, ಆಳಲು ಬಿಡುವುದಿಲ್ಲವೆಂದು ಮೊದಲೇ ಹೇಳಿಸಿಕೊಂಡಿದ್ದ ಮಗುವೊಂದನ್ನು, ಆಳಲೆಂದೇ ದತ್ತು ತೆಗೆದುಕೊಂಡಿದ್ದರು. ಆ ದಿನ ಇದು ಮುದುಕರೊಬ್ಬರ ಹಟದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಮೈಸೂರು ಅರಮನೆಗೂ ಸಂತಾನಕ್ಕೂ ಇರುವ ನಂಟೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಅಲಮೇಲಮ್ಮನ ಶಾಪ. ತಲಕಾಡು ಮರಳಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂದು ಶಪಿಸಿ ಆಕೆ ಕಾವೇರಿಗೆ ಹಾರಿದ ಕಥೆ. ಕಥೆ ಕೇಳಲು ಚೆನ್ನಾಗಿದೆ, ತಲಕಾಡಿನ ಮರಳು ಕಣ್ಣೆದುರೇ ಇದೆ. ಆದರೆ ಮೈಸೂರಿನ ಪಟ್ಟ ತಲೆಮಾರಿನಿಂದ ತಲೆಮಾರಿಗೆ ದಾಟಿದ್ದು ಹೇಗೆ ಎಂದು ನೋಡಹೊರಟರೆ ಶಾಪ ಹೆಚ್ಚು ದೂರ ಕರೆದೊಯ್ಯುವುದಿಲ್ಲ. ಮಗ ಇದ್ದಾನೋ ಇಲ್ಲವೋ ಎನ್ನುವುದಕ್ಕಿಂತ, ಇಂಥವನೇ ಮಗ ಎಂದು ಹೇಳುವ ಅಧಿಕಾರ ಯಾರದು ಎಂಬುದೇ ಅಲ್ಲಿ ದೊಡ್ಡ ಮಾತಾಗಿತ್ತು.

1776ರ ಸಂಗತಿ ನೋಡಿ. ಆಗ ರಾಜ್ಯ ಹೈದರಾಲಿಯ ಕೈಯಲ್ಲಿತ್ತು. ಹೆಸರಿಗೆ ಒಡೆಯರೊಬ್ಬರು ಗದ್ದುಗೆಯ ಮೇಲಿದ್ದರು. ಅವರು ಮಕ್ಕಳಿಲ್ಲದೆ ತೀರಿಕೊಂಡಾಗ ಹೈದರ್ ರಾಜಬಂಧುಗಳ ಮನೆಗಳ ಮಕ್ಕಳನ್ನೆಲ್ಲ ಒಂದು ಹಜಾರದಲ್ಲಿ ಕೂಡಿಸಿ, ನಡುವೆ ಆಟದ ಸಾಮಾನು, ಹಣ್ಣು, ಒಡವೆ, ಆಯುಧಗಳನ್ನು ಹರಡಿಸಿದನಂತೆ. ಒಂದು ಮಗು ಒಂದು ಕೈಯಲ್ಲಿ ಪುಟ್ಟ ಕಠಾರಿಯನ್ನೂ ಇನ್ನೊಂದರಲ್ಲಿ ನಿಂಬೆಹಣ್ಣನ್ನೂ ಎತ್ತಿಕೊಂಡಿತು. ಇವನೇ ರಾಜ ಎಂದ ಹೈದರ್. ಈ ಪ್ರಸಂಗವನ್ನು ಬರೆದಿಟ್ಟವನು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್. ಎಷ್ಟು ನಿಜವೋ, ಎಷ್ಟು ಅರಮನೆಯ ಹಜಾರಗಳಲ್ಲಿ ಬೆಳೆದ ಕಥೆಯೋ, ಆ ಮಗುವಂತೂ ಪಟ್ಟಕ್ಕೆ ಬಂತು. ಅವರೇ ಖಾಸಾ ಚಾಮರಾಜ ಒಡೆಯರು, ಮುಮ್ಮಡಿ ಕೃಷ್ಣರಾಜರ ತಂದೆ. 1796ರಲ್ಲಿ ಅವರು ತೀರಿಕೊಂಡಾಗ ಟಿಪ್ಪು ಸುಲ್ತಾನನಿಗೆ ಹೆಸರಿಗೂ ಒಬ್ಬ ರಾಜ ಬೇಡವಾಗಿದ್ದ. ಪಟ್ಟ ಖಾಲಿ ಉಳಿಯಿತು. ರಾಜಮನೆತನ ಶ್ರೀರಂಗಪಟ್ಟಣದ ಅರಮನೆಯಿಂದ ಬಡ ಮನೆಯೊಂದಕ್ಕೆ ಹೋಯಿತು.

ಆ ಮನೆಯಲ್ಲಿ ಒಬ್ಬ ಮುದುಕಿ ಇದ್ದರು. ಇಮ್ಮಡಿ ಕೃಷ್ಣರಾಜ ಒಡೆಯರ ವಿಧವೆ ರಾಣಿ ಲಕ್ಷ್ಮಮ್ಮಣ್ಣಿ. ಹೈದರನ ಕಾಲದಿಂದಲೂ ಗುಟ್ಟಾಗಿ ಇಂಗ್ಲಿಷರೊಡನೆ ವ್ಯವಹಾರ ನಡೆಸಿದ್ದವರು. ಅವರ ಪರವಾಗಿ ತಿರುಮಲರಾಯ 1782ರಲ್ಲಿ ತಂಜಾವೂರಿನಲ್ಲಿ ಕಂಪನಿಯೊಡನೆ ಕರಾರನ್ನೂ ಮಾಡಿಕೊಂಡಿದ್ದ. ಸೈನ್ಯವಿಲ್ಲದ, ಖಜಾನೆಯಿಲ್ಲದ ಹೆಂಗಸೊಬ್ಬರು ತಮ್ಮ ಮನೆತನದ ಹೆಸರೊಂದನ್ನೇ ಬಂಡವಾಳವಾಗಿಟ್ಟುಕೊಂಡು ದಶಕಗಳ ಕಾಲ ಮಾಡಿದ ಚೌಕಾಸಿ ಅದು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅದು ಫಲ ಕೊಟ್ಟಿತು. ಗೆದ್ದ ರಾಜ್ಯವನ್ನು ಪೂರ್ತಿ ನುಂಗಿದರೆ ನಿಜಾಮನಿಗೂ ದೊಡ್ಡ ಪಾಲು ಕೊಡಬೇಕಾಗುತ್ತಿತ್ತು, ಮರಾಠರ ಕಣ್ಣೂ ಬೀಳುತ್ತಿತ್ತು. ಹಳೆಯ ರಾಜಮನೆತನವನ್ನು ಮತ್ತೆ ಕೂರಿಸುವುದು ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅನುಕೂಲವಾಗಿ ಕಂಡಿತು. ಜೂನ್ 30ರಂದು ಮೈಸೂರಿನಲ್ಲಿ ಚಪ್ಪರ ಹಾಕಿ ಐದು ವರ್ಷದ ಕೃಷ್ಣರಾಜರಿಗೆ ಪಟ್ಟ ಕಟ್ಟಿದರು. ತಂದೆಯನ್ನು ಆರಿಸಿದ್ದು ಹೈದರ್, ಮಗನನ್ನು ಆರಿಸಿದ್ದು ಕಂಪನಿ.

ಆ ಹೊತ್ತಿನ ಎರಡು ಕಾಗದಗಳು ಮುಂದೆ ಅರವತ್ತೆಂಟು ವರ್ಷ ಎಲ್ಲರ ನಿದ್ದೆ ಕೆಡಿಸಿದವು. ಮೊದಲನೆಯದು 1799ರ ಜೂನ್ 22ರ ವಿಭಜನೆಯ ಒಪ್ಪಂದ. ಅದು ಕಂಪನಿಗೂ ನಿಜಾಮನಿಗೂ ನಡುವೆ ಆದದ್ದು. ಮೈಸೂರಿನಲ್ಲಿ ಪ್ರತ್ಯೇಕ ಸರ್ಕಾರ ಇರತಕ್ಕದ್ದು, ಹಳೆಯ ರಾಜರ ವಂಶಸ್ಥ ಕೃಷ್ಣರಾಜ ಒಡೆಯರು ಅದನ್ನು ಹೊಂದತಕ್ಕದ್ದು ಎಂದು ಅದರಲ್ಲಿತ್ತು. ಎರಡನೆಯದು ಜುಲೈ 8ರ ಸಹಾಯಕ ಸೈನ್ಯದ ಒಪ್ಪಂದ. ಇದು ಕಂಪನಿಗೂ ಮಹಾರಾಜರಿಗೂ ನಡುವಿನದು. ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕೊಡಬೇಕು, ಅಂದರೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ. ಕಂಪನಿ ಸೈನ್ಯ ಇಡಬೇಕು. ಸೂರ್ಯಚಂದ್ರರು ಇರುವವರೆಗೆ ಈ ಒಪ್ಪಂದಕ್ಕೆ ಎರಡೂ ಕಡೆಯವರು ಬದ್ಧರು. ನಮ್ಮ ಶಾಸನಗಳ 'ಆಚಂದ್ರಾರ್ಕ'ವೇ ಇಂಗ್ಲಿಷ್ ವೇಷ ಹಾಕಿಕೊಂಡು ಬಂದಿತ್ತು. ಆದರೆ ಎರಡು ಕಾಗದಗಳಲ್ಲಿ ಯಾವುದರಲ್ಲೂ 'ವಾರಸುದಾರರು, ಉತ್ತರಾಧಿಕಾರಿಗಳು' ಎಂಬ ಪದಗಳಿರಲಿಲ್ಲ. ಐದು ವರ್ಷದ ಹುಡುಗನ ಹೆಸರಿನಲ್ಲಿ ಬರೆಯುವಾಗ ಯಾರಿಗೂ ಅದು ಹೊಳೆಯಲಿಲ್ಲವೋ, ಹೊಳೆದೂ ಬಿಟ್ಟರೋ ಈಗ ಹೇಳುವುದು ಕಷ್ಟ.

ಪೂರ್ಣಯ್ಯನವರು ದಿವಾನರಾಗಿದ್ದಷ್ಟು ಕಾಲ ಖಜಾನೆ ತುಂಬಿತ್ತು. ಆಮೇಲೆ ಮುಮ್ಮಡಿಯವರು ತಾವೇ ಆಳಿದರು. ಧಾರಾಳಿ, ಕಲಾಪ್ರಿಯರು, ಸಾಲಗಾರರು. ಇಷ್ಟು ಹಣ ವಸೂಲಿ ಮಾಡಿಕೊಡುತ್ತೇನೆಂದು ಅಮಲ್ದಾರರಿಂದ ಶರತ್ತು ಬರೆಸಿಕೊಳ್ಳುವ ಪದ್ಧತಿಯಿಂದ ರೈತರು ಹಣ್ಣಾದರು. 1830ರಲ್ಲಿ ನಗರ ಸೀಮೆಯಲ್ಲಿ ದಂಗೆ ಎದ್ದಿತು. ಬೂದಿ ಬಸವಪ್ಪನೆಂಬವನು ಬಿದನೂರಿನ ಹಳೆಯ ಪಟ್ಟಕ್ಕೆ ತಾನೇ ಹಕ್ಕುದಾರನೆಂದ. ಮೈಸೂರು ಪಟ್ಟದ ವಾರಸಿಕೆಯ ಕಥೆಯ ನಡುವೆ ಇನ್ನೊಂದು ಪಟ್ಟದ ವಾರಸಿಕೆ ಹೀಗೆ ತಲೆಹಾಕುತ್ತದೆ. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಇಡೀ ರಾಜ್ಯದ ಆಡಳಿತವನ್ನು ವಶಕ್ಕೆ ತೆಗೆದುಕೊಂಡ. ಮಹಾರಾಜರಿಗೆ ವರ್ಷಕ್ಕೆ 1 ಲಕ್ಷ ವರಹ, ಜೊತೆಗೆ ನಿವ್ವಳ ಆದಾಯದ ಐದನೇ ಒಂದು ಪಾಲು ಎಂದು ಗೊತ್ತಾಯಿತು. ವಿಚಾರಣಾ ಸಮಿತಿಯ ವರದಿ ಬಂದ ಮೇಲೆ ಬೆಂಟಿಂಕನಿಗೇ ತಾನು ಅತಿ ಮಾಡಿದೆ ಅನ್ನಿಸಿತು. ಒಂದಷ್ಟು ಸೀಮೆಯನ್ನಾದರೂ ಹಿಂದಕ್ಕೆ ಕೊಡೋಣವೆಂದು 1834ರಲ್ಲಿ ಲಂಡನ್ನಿಗೆ ಬರೆದ. ಲಂಡನ್ ಒಪ್ಪಲಿಲ್ಲ.

ಇಲ್ಲಿಂದ ಮುಮ್ಮಡಿಯವರ ಬದುಕಿನ ಉತ್ತರಾರ್ಧ. ಶ್ರೀತತ್ತ್ವನಿಧಿಯಂಥ ಸಚಿತ್ರ ಗ್ರಂಥ, ಚದುರಂಗದ ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮೆಟ್ಟುವ ಬಂಧಗಳು, ಜಗನ್ಮೋಹನ ಅರಮನೆ, ಮೈಸೂರಿನ ಮೊದಲ ಇಂಗ್ಲಿಷ್ ಶಾಲೆ. ರಾಜ್ಯ ಕಳೆದುಕೊಂಡವರ ವಿರಾಮ ಇದೆಲ್ಲ ಎಂದು ತಳ್ಳಿಹಾಕುವವರುಂಟು. ಆದರೆ ದಸರೆಯನ್ನೂ ದರ್ಬಾರನ್ನೂ ಒಂದು ವರ್ಷವೂ ಬಿಡದೆ ನಡೆಸಿದ್ದು ಬರಿಯ ವಿರಾಮವಲ್ಲ. ಮೈಸೂರಿಗೆ ಒಬ್ಬ ರಾಜನಿದ್ದಾನೆ ಎಂಬುದನ್ನು ಜನರ ಕಣ್ಣಿನಿಂದ ಮರೆಯಾಗಲು ಅವರು ಬಿಡಲಿಲ್ಲ. ಅದೇ ಕಾಲಕ್ಕೆ ಬೆಂಗಳೂರಿನಲ್ಲಿ ಮಾರ್ಕ್ ಕಬ್ಬನ್, ಇಂದು ಪಾರ್ಕಿಗೂ ರಸ್ತೆಗೂ ಹೆಸರಾಗಿ ಉಳಿದಿರುವವನು, 1834ರಿಂದ 1861ರವರೆಗೆ ಕಮಿಷನರನಾಗಿ ಕೂತು ಇನ್ನೊಂದು ಮೈಸೂರನ್ನು ಕಟ್ಟುತ್ತಿದ್ದ. ಕಡತ, ಕಚೇರಿ, ರಸ್ತೆ, ಲೆಕ್ಕಪತ್ರದ ಮೈಸೂರು. ಇದು ನಡೆಯಲು ರಾಜನೇ ಬೇಕಿರಲಿಲ್ಲ.

ಈ ನಡುವೆ ಸುತ್ತಲ ರಾಜ್ಯಗಳು ಒಂದೊಂದಾಗಿ ಹೋಗುತ್ತಿದ್ದವು. 'ದತ್ತು ಮಕ್ಕಳಿಗೆ ಹಕ್ಕಿಲ್ಲ' ಎಂಬ ನೀತಿ ಶಾಲೆಯ ಪಾಠದಲ್ಲಿ ಡಾಲ್‌ಹೌಸಿಯ ಹೆಸರಿಗೆ ಅಂಟಿಕೊಂಡಿದೆ. ಆದರೆ ಕನ್ನಡ ನಾಡು ಅದರ ರುಚಿ ನೋಡಿದ್ದು ಅವನಿಗಿಂತ ಮೊದಲು. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜನು ಸಾಯುವ ಹೊತ್ತಿಗೆ ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಮುಂದಿನದು, ರಾಣಿ ಚೆನ್ನಮ್ಮನ ಯುದ್ಧ, ಎಲ್ಲರಿಗೂ ಗೊತ್ತು. 1848ರಲ್ಲಿ ಸಾತಾರಾ ಹೋಯಿತು. ಶಿವಾಜಿಯ ವಂಶದ ಗಾದಿ, ಸಾಯುವ ಮುನ್ನ ದತ್ತು ತೆಗೆದುಕೊಂಡಿದ್ದರೂ ಉಳಿಯಲಿಲ್ಲ. 1854ರಲ್ಲಿ ಝಾನ್ಸಿ, ನಾಗಪುರ. ನರಗುಂದದ ಬಾಬಾಸಾಹೇಬನಿಗೆ ದತ್ತು ತೆಗೆದುಕೊಳ್ಳಲು ಅನುಮತಿಯೇ ಸಿಗಲಿಲ್ಲ. ಅವನು 1858ರಲ್ಲಿ ಬಂಡೆದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ. ನೀತಿ ತುಂಬ ಸರಳವಾಗಿತ್ತು. ಹಿಂದೂ ಧರ್ಮಶಾಸ್ತ್ರದ ಪ್ರಕಾರ ದತ್ತುಮಗ ಪಿಂಡ ಹಾಕಬಹುದು, ಮನೆ, ಒಡವೆ, ಹೊಲ ಪಡೆಯಬಹುದು. ರಾಜ್ಯ ಮಾತ್ರ ಸಾರ್ವಭೌಮ ಶಕ್ತಿಯ ಒಪ್ಪಿಗೆಯಿಲ್ಲದೆ ಸಿಗದು. ಒಪ್ಪಿಗೆ ಕೊಡುವುದು ಬಿಡುವುದು ಅದೇ ಶಕ್ತಿಯ ಇಷ್ಟ, ಕೊಡದಿದ್ದರೆ ಲಾಭವೂ ಅದಕ್ಕೇ.

ಮೈಸೂರಿನ ಸರದಿ ಬರುವುದು ಖಂಡಿತವೆಂದೇ ಡಾಲ್‌ಹೌಸಿ ತಿಳಿದಿದ್ದ. ದೇಶ ಬಿಡುವ ಮುನ್ನ, 1856ರ ಜನವರಿಯ ಟಿಪ್ಪಣಿಯಲ್ಲಿ, ಒಪ್ಪಂದ ಕೃಷ್ಣರಾಜರೊಬ್ಬರ ಜೊತೆಗಿನದು, ವಾರಸುದಾರರ ಮಾತು ಅದರಲ್ಲಿಲ್ಲ, ರಾಜರಿಗೆ ಮಗನಿಲ್ಲ, ಹಾಗಾಗಿ ಅವರ ನಂತರ ಮೈಸೂರು ಬ್ರಿಟಿಷರಿಗೆ ಸೇರತಕ್ಕದ್ದು ಎಂದು ಬರೆದಿಟ್ಟು ಹೋದ. ರಾಜರಿಗೆ ಆಗ ಅರವತ್ತೊಂದು. ಇನ್ನೆಷ್ಟು ದಿನ ಎಂದು ಅವನ ಲೆಕ್ಕವಿದ್ದಿರಬೇಕು. ಇಡೀ ಜಗಳದಲ್ಲಿ ಮುಮ್ಮಡಿಯವರ ಬತ್ತಳಿಕೆಯಲ್ಲಿದ್ದ ದೊಡ್ಡ ಅಸ್ತ್ರ ಯಾವುದೆಂದರೆ ಅವರು ಸಾಯದೆ ಉಳಿದದ್ದು.

ಮರುವರ್ಷವೇ 1857 ಬಂತು. ಮೈಸೂರು ಶಾಂತವಾಗಿತ್ತು, ಮಹಾರಾಜರು ಇಂಗ್ಲಿಷರ ಬೆನ್ನಿಗೆ ನಿಂತರು. ರಾಜರುಗಳ ಮನೆತನ ಮುರಿಯುತ್ತ ಹೋದದ್ದಕ್ಕೆ ತಾವು ತೆತ್ತ ಬೆಲೆ ಎಷ್ಟೆಂದು ಬ್ರಿಟಿಷರಿಗೆ ಅರಿವಾಗಿತ್ತು. 1860ರ ನಂತರ ವೈಸರಾಯ್ ಕ್ಯಾನಿಂಗ್ ನೂರಕ್ಕೂ ಹೆಚ್ಚು ರಾಜರಿಗೆ ಸನದು ಕಳಿಸಿದ: ಮಗನಿಲ್ಲದಿದ್ದರೆ ದತ್ತು ತೆಗೆದುಕೊಳ್ಳಿ, ನಾವು ಮಾನ್ಯ ಮಾಡುತ್ತೇವೆ. ಮೈಸೂರಿಗೆ ಮಾತ್ರ ಸನದು ಬರಲಿಲ್ಲ. ಕಾರಣ ಕೇಳಲು ಮಜವಾಗಿದೆ. ಸನದು ತಮ್ಮ ರಾಜ್ಯವನ್ನು ತಾವೇ ಆಳುತ್ತಿರುವ ರಾಜರಿಗೆ, ಮೈಸೂರಿನ ಮಹಾರಾಜರು ಆಳುತ್ತಿಲ್ಲವಲ್ಲ! ಆಳ್ವಿಕೆ ಕಿತ್ತುಕೊಂಡವರೇ, ಆಳುತ್ತಿಲ್ಲವಾದ್ದರಿಂದ ಹಕ್ಕಿಲ್ಲ ಎಂದರು. ಇದಕ್ಕೂ ಮಿಗಿಲಾಗಿ, ಮಹಾರಾಜರು ತಮ್ಮ ರಾಜ್ಯವನ್ನು ಬ್ರಿಟಿಷರಿಗೇ ಬಿಟ್ಟುಹೋಗುವ ಇರಾದೆಯಲ್ಲಿದ್ದಾರೆ ಎಂದು ಕ್ಯಾನಿಂಗ್ ಲಂಡನ್ನಿಗೆ ಬರೆದಿದ್ದ. ಅದು ಗೊತ್ತಾದಾಗ ಮುಮ್ಮಡಿಯವರು ಅದನ್ನು ಕಡ್ಡಿ ಮುರಿದಂತೆ ಅಲ್ಲಗಳೆದರು.

1861ರಿಂದ ಅವರು ಬರೆಯತೊಡಗಿದರು. ರಾಜ್ಯ ಹಿಂದಿರುಗಿಸಿ ಎಂದು ಕ್ಯಾನಿಂಗನಿಗೆ ಮನವಿ. 1862ರಲ್ಲಿ ಇಲ್ಲ ಎಂಬ ಉತ್ತರ. ಮತ್ತೆ ಮನವಿ, 1863ರಲ್ಲಿ ಲಂಡನ್ನಿನ ಭಾರತ ಮಂತ್ರಿ ಚಾರ್ಲ್ಸ್ ವುಡ್ ಅದೇ ಉತ್ತರಕ್ಕೆ ಮುದ್ರೆ ಒತ್ತಿದ. 1864ರಲ್ಲಿ ಬಂದ ಹೊಸ ವೈಸರಾಯ್ ಜಾನ್ ಲಾರೆನ್ಸ್‌ನದೂ ಅದೇ ಮಾತು. ಇಷ್ಟಾದ ಮೇಲೆ ನಡೆದದ್ದು 1865ರ ಜೂನಿನ ದತ್ತಕ. ಕೇಳಿ ಸಾಕಾದವರು ಮಾಡಿ ತೋರಿಸಿದರು. ದತ್ತಕ ಆಗಿಹೋದ ಮೇಲೆ ಜಗಳದ ಸ್ವರೂಪವೇ ಬದಲಾಯಿತು. ಅಲ್ಲಿಯವರೆಗೆ ಇದ್ದದ್ದು ಮುದುಕರೊಬ್ಬರ ಅಹವಾಲು. ಈಗ ಹೆಸರಿರುವ, ಕಣ್ಣಿಗೆ ಕಾಣುವ ಒಂದು ಮಗುವಿತ್ತು, ಅದರಿಂದ ಏನನ್ನು ಕಸಿಯಲಾಗುತ್ತದೆ ಎಂದು ಕೇಳಬಹುದಿತ್ತು.

ಕೇಳಿದವರು ಲಂಡನ್ನಿನಲ್ಲಿದ್ದರು. ಅರಮನೆಯ ವೈದ್ಯನಾಗಿದ್ದ ಡಾ. ಕ್ಯಾಂಪ್‌ಬೆಲ್ ಮಹಾರಾಜರ ಪ್ರತಿನಿಧಿಯಾಗಿ ಅಲ್ಲಿ ಓಡಾಡಿದ. ಮದರಾಸು ಸೈನ್ಯದಲ್ಲಿದ್ದ ಮೇಜರ್ ಇವಾನ್ಸ್ ಬೆಲ್ ಮೈಸೂರಿನ ವಾರಸಿಕೆಯ ಬಗ್ಗೆಯೇ ಒಂದು ಪುಸ್ತಕ ಬರೆದು ಒಪ್ಪಂದಗಳನ್ನು ಸಾಲುಸಾಲಾಗಿ ಬಿಡಿಸಿದ. ಸೂರ್ಯಚಂದ್ರರಷ್ಟು ಕಾಲ ಎಂದು ಬರೆದವರು ಒಬ್ಬ ಮನುಷ್ಯನ ಆಯುಸ್ಸನ್ನು ಮನಸ್ಸಿನಲ್ಲಿಟ್ಟು ಬರೆದಿರಲು ಸಾಧ್ಯವೇ ಎಂಬುದು ವಾದದ ತಿರುಳು. ನಿಜಾಮನೊಡನೆ ಕೂಡಿ ಮಾಡಿದ ಒಪ್ಪಂದವನ್ನು ಒಬ್ಬರೇ ಮುರಿದರೆ ನಿಜಾಮನೂ ತನ್ನ ಪಾಲು ಕೇಳಬಹುದಲ್ಲ ಎಂಬ ಮಾತು ಇನ್ನೊಂದು ಕಡೆಯಿಂದ ಬಂತು. ಹೈದರಾಬಾದಿನ ಹೆಸರು ಹೀಗೆ ಮೈಸೂರಿನ ಕೆಲಸಕ್ಕೆ ಬಂದದ್ದು ಚರಿತ್ರೆಯ ಒಂದು ತಮಾಷೆ. 1866ರಲ್ಲಿ ಭಾರತದಲ್ಲಿ ಸೇವೆ ಮಾಡಿದ ಹಿರಿಯ ಅಧಿಕಾರಿಗಳ ಸಹಿಯಿದ್ದ ಮನವಿಯೊಂದು ಕಾಮನ್ಸ್ ಸಭೆಗೆ ಹೋಯಿತು. ಅದನ್ನು ಮಂಡಿಸಿದವನು ಜಾನ್ ಸ್ಟುವರ್ಟ್ ಮಿಲ್. ಕಂಪನಿಯ ಲಂಡನ್ ಕಚೇರಿಯಲ್ಲಿ ದೇಶೀ ಸಂಸ್ಥಾನಗಳ ಪತ್ರವ್ಯವಹಾರವನ್ನು ವರ್ಷಗಟ್ಟಲೆ ನೋಡಿಕೊಂಡಿದ್ದ ಅದೇ ಮಿಲ್. 1867ರ ಜುಲೈನಲ್ಲಿ ದಾದಾಭಾಯಿ ನವರೋಜಿ ಲಂಡನ್ನಿನ ಈಸ್ಟ್ ಇಂಡಿಯಾ ಅಸೋಸಿಯೇಷನ್ನಿನಲ್ಲಿ ಮೈಸೂರಿನ ಬಗ್ಗೆ ಪ್ರಬಂಧ ಓದಿದರು. ಮುಂದೆ ಬಡತನದ ಲೆಕ್ಕ ಹಾಕಿ ಇಡೀ ಸಾಮ್ರಾಜ್ಯವನ್ನು ಪ್ರಶ್ನಿಸಿದ ಮುಂಬೈಯ ಆ ಪಾರಸಿ ಹಿರಿಯರು ತಮ್ಮ ಸಾರ್ವಜನಿಕ ಜೀವನದ ಆರಂಭದ ದಿನಗಳಲ್ಲೇ ಎತ್ತಿಕೊಂಡ ವಿಷಯಗಳಲ್ಲಿ ಮೈಸೂರು ಒಂದು.

ಅವರು ಓದುವ ಹೊತ್ತಿಗೆ ನಿಜವಾದ ತೀರ್ಮಾನ ಆಗಿಹೋಗಿತ್ತು. 1867ರ ಏಪ್ರಿಲ್ 16ರಂದು ಹೊಸ ಭಾರತ ಮಂತ್ರಿ ಸ್ಟಾಫರ್ಡ್ ನಾರ್ತ್‌ಕೋಟ್ ಲಾರೆನ್ಸನಿಗೆ ಪತ್ರ ಬರೆದ. ಒಪ್ಪಂದದ ಅರ್ಥವನ್ನು ಕುರಿತ ಜಗಳದಲ್ಲಿ ಅವನು ಮುಮ್ಮಡಿಯವರು ಗೆದ್ದರು ಎನ್ನಲಿಲ್ಲ. ಆ ಮನೆತನವನ್ನು ಗದ್ದುಗೆಯ ಮೇಲೆ ಉಳಿಸುವುದು ಸರ್ಕಾರದ ಇಚ್ಛೆ ಎಂದಷ್ಟೇ ಹೇಳಿದ. ದತ್ತುಮಗ ವಯಸ್ಸಿಗೆ ಬಂದಾಗ, ಯೋಗ್ಯನೆಂದು ಕಂಡುಬಂದರೆ, ರಾಜ್ಯವನ್ನು ಅವನಿಗೆ ಒಪ್ಪಿಸಲಾಗುವುದು. ಮೇ 24ರಂದು ಕಾಮನ್ಸ್ ಸಭೆಯಲ್ಲಿ ಚರ್ಚೆ ನಡೆದಾಗಲೂ ಧಾಟಿ ಇದೇ. ದೇಶೀ ರಾಜ್ಯಗಳು ಇರುವುದು ಒಳ್ಳೆಯದು, ಅವು ಭಾರತೀಯರಿಗೆ ಆಡಳಿತದ ಅವಕಾಶ ಕೊಡುತ್ತವೆ ಎಂಬ ಮಾತುಗಳು. 1857ರ ನೆನಪು, ಲಂಡನ್ನಿನಲ್ಲಿ ಬದಲಾದ ಮಂತ್ರಿಮಂಡಲ, ಸಹಿ ಹಾಕಿದ ನಿವೃತ್ತ ಜನರಲ್‌ಗಳು, ಎಲ್ಲ ಕೂಡಿ ಆದ ತೀರ್ಮಾನ ಅದು. ಕಿತ್ತೂರಿಗೋ ಸಾತಾರಾಕ್ಕೋ ಇಲ್ಲದ ಹಕ್ಕು ಕಾಗದದಲ್ಲಿ ಮೈಸೂರಿಗೆ ಇತ್ತೆಂದು ಹೇಳುವುದು ಕಷ್ಟ. ಮೈಸೂರಿಗೆ ಇದ್ದದ್ದು ಕಾಯಲು ಸಿಕ್ಕ ಹತ್ತು ವರ್ಷ.

ಮುಮ್ಮಡಿಯವರು ಇನ್ನು ಹನ್ನೊಂದು ತಿಂಗಳು ಬದುಕಿದರು. 1868ರ ಮಾರ್ಚ್ 27ರಂದು ತೀರಿಕೊಂಡರು. ಸೆಪ್ಟೆಂಬರ್ 23ರಂದು ಐದೂವರೆ ವರ್ಷದ ಚಾಮರಾಜೇಂದ್ರರಿಗೆ ಪಟ್ಟವಾಯಿತು. ಅಜ್ಜನ ವಯಸ್ಸಿನ ತಂದೆಗೆ ಪಟ್ಟವಾದದ್ದೂ ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿ.

ಮುಂದಿನ ಹದಿಮೂರು ವರ್ಷ ಆ ಹುಡುಗನದು ಪರೀಕ್ಷೆಯ ಬದುಕು. ಬೇರೆ ರಾಜಕುಮಾರರು ದೊರೆಗಳಾಗಿಯೇ ಹುಟ್ಟುತ್ತಿದ್ದರು, ಇವನು ಯೋಗ್ಯನೆಂದು ತೋರಿಸಿಕೊಳ್ಳಬೇಕಿತ್ತು. 1857ರ ದಂಗೆಯ ಚರಿತ್ರೆ ಬರೆದ ಕರ್ನಲ್ ಮ್ಯಾಲಿಸನ್ 1869ರಿಂದ ಅವನ ಪೋಷಕ. ಅರಸು ಮನೆತನಗಳ ಹುಡುಗರ ಜೊತೆ ಪಾಠ, ಕುದುರೆ ಸವಾರಿ, ಪ್ರವಾಸ. ಹುಡುಗ ಸೌಮ್ಯ ಸ್ವಭಾವದವನು, ಸಂಗೀತಪ್ರಿಯ. ಈ ಅವಧಿಯಲ್ಲಿ ರಾಜ್ಯ ತನ್ನ ಅತಿ ದೊಡ್ಡ ದುರಂತವನ್ನು ಕಂಡಿತು. 1876ರಿಂದ 78ರ ಬರ. ಹಳೆಯ ಮೈಸೂರಿನ ಮುದುಕರ ಬಾಯಲ್ಲಿ ಬಹುಕಾಲ ಉಳಿದ ಧಾತು ಈಶ್ವರ ಬರ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿತ್ತು. ತಮ್ಮ ಆಡಳಿತವೇ ಮೇಲು ಎಂದು ಹೇಳಿಕೊಂಡು ಬಂದವರ ಐವತ್ತು ವರ್ಷದ ಆಳ್ವಿಕೆಯ ಕೊನೆಯ ಲೆಕ್ಕ ಇದು. ಬರದ ಖರ್ಚಿಗೆ ಮಾಡಿದ 80 ಲಕ್ಷ ರೂಪಾಯಿ ಸಾಲವನ್ನು ಹೊಸ ಮಹಾರಾಜರ ತಲೆಗೆ ಕಟ್ಟಿದರು.

1881ರ ಮಾರ್ಚ್ 25ರಂದು ಮದರಾಸಿನ ಗವರ್ನರ್ ಆಡಮ್ ಮೈಸೂರಿಗೆ ಬಂದು ಹದಿನೆಂಟು ವರ್ಷದ ಚಾಮರಾಜೇಂದ್ರರಿಗೆ ರಾಜ್ಯ ಒಪ್ಪಿಸಿದ. ಹಿಂದಿನ ದಿನದವರೆಗೆ ಚೀಫ್ ಕಮಿಷನರನಾಗಿದ್ದ ಜೇಮ್ಸ್ ಗಾರ್ಡನ್ ಅಂದಿನಿಂದ ರೆಸಿಡೆಂಟನಾದ. ದಿವಾನರಾದವರು ಸಿ. ರಂಗಾಚಾರ್ಲು, ಮುಮ್ಮಡಿಯವರು ತೀರಿಕೊಂಡ ವರ್ಷ ಅರಮನೆಯ ಲೆಕ್ಕಪತ್ರ ನೇರ್ಪಡಿಸಲು ಬಂದವರು. ಮನೆತನ ಉಳಿದಿತ್ತು. ಆದರೆ ಉಳಿದದ್ದು ಏನು ಎಂದು ತಿಳಿಯಬೇಕಾದರೆ ಆ ದಿನ ಕೈ ಬದಲಾದ ಹಸ್ತಾಂತರ ಪತ್ರವನ್ನು ಓದಬೇಕು.

1799ರದು ಇಬ್ಬರ ನಡುವಿನ ಒಪ್ಪಂದ, ಒಬ್ಬರು ಎಷ್ಟೇ ಚಿಕ್ಕವರಾದರೂ. 1881ರದು ಒಬ್ಬರು ಇನ್ನೊಬ್ಬರಿಗೆ ಕೊಟ್ಟದ್ದು, ಇಪ್ಪತ್ತನಾಲ್ಕು ಷರತ್ತುಗಳೊಂದಿಗೆ. ವರ್ಷದ ಪೊಗದಿ ಇಪ್ಪತ್ತನಾಲ್ಕೂವರೆ ಲಕ್ಷದಿಂದ 35 ಲಕ್ಷಕ್ಕೆ ಏರಿತು. ಬರದಿಂದ ಬೆಂದ ರಾಜ್ಯವೆಂದು ಹೆಚ್ಚಿನ ಮೊತ್ತವನ್ನು 1896ರವರೆಗೆ ಮುಂದೂಡಿದರಷ್ಟೆ. ಹೊಸ ಕೋಟೆ ಕಟ್ಟುವಂತಿಲ್ಲ, ಅನುಮತಿಯಿಲ್ಲದೆ ಆಯುಧ ತರಿಸುವಂತಿಲ್ಲ, ಸ್ವಂತ ನಾಣ್ಯವಿಲ್ಲ. ಜಾರಿಯಲ್ಲಿರುವ ಕಾನೂನನ್ನು ಕೇಳದೆ ಬದಲಿಸುವಂತಿಲ್ಲ. ಗವರ್ನರ್ ಜನರಲ್ ಕೊಡುವ ಸಲಹೆಯಂತೆ ನಡೆಯತಕ್ಕದ್ದು. ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರ ಕೈಯಲ್ಲೇ ಉಳಿಯಿತು. ಮುಮ್ಮಡಿಯವರು ಯಾವ ಮಾತಿಗಾಗಿ ಕಡೆಯ ಏಳು ವರ್ಷ ಬಡಿದಾಡಿದರೋ ಅದೂ ಪತ್ರದಲ್ಲಿ ಕಪ್ಪು ಬಿಳುಪಿನಲ್ಲಿತ್ತು: ಗವರ್ನರ್ ಜನರಲ್ ಮಾನ್ಯ ಮಾಡುವವರೆಗೆ ಮೈಸೂರಿನ ಯಾವ ಉತ್ತರಾಧಿಕಾರವೂ ಊರ್ಜಿತವಲ್ಲ. ಡಾಲ್‌ಹೌಸಿ ವಾದವಾಗಿ ಹೇಳಿದ್ದನ್ನು ದತ್ತುಮಗ ಷರತ್ತಾಗಿ ಒಪ್ಪಿಕೊಂಡು ಗದ್ದುಗೆ ಏರಿದ್ದರು. 1913ರಲ್ಲಿ ನಾಲ್ವಡಿಯವರ ಕಾಲದಲ್ಲಿ ಈ ಪತ್ರದ ಜಾಗಕ್ಕೆ ಒಪ್ಪಂದ ಎಂಬ ಗೌರವದ ಹೆಸರಿನ ಕಾಗದವೊಂದು ಬಂತು. ಸಾರ್ವಭೌಮತ್ವ ಎಲ್ಲಿದೆ ಎಂಬುದರಲ್ಲಿ ಬದಲಾವಣೆಯಾಗಲಿಲ್ಲ.

ಹಾಗಾದರೆ ಮುಮ್ಮಡಿಯವರು ಉಳಿಸಿದ್ದೇನು? ಹೀಗೆ ಕೇಳುವುದು ಸುಲಭ, ಆದರೆ ಸ್ವಲ್ಪ ಅನ್ಯಾಯ. ಮೈಸೂರು ಲಯವಾಗಿದ್ದರೆ ಮದರಾಸು ಪ್ರಾಂತ್ಯದ ಇನ್ನಷ್ಟು ಜಿಲ್ಲೆಗಳಾಗಿ ಕರಗಿಹೋಗುತ್ತಿತ್ತು. ಬಳ್ಳಾರಿಯ ಕನ್ನಡಿಗರಿಗೂ ದಕ್ಷಿಣ ಕನ್ನಡದವರಿಗೂ ಅದರ ಅನುಭವ ಚೆನ್ನಾಗಿ ಇತ್ತು. ರಾಜ್ಯ ಉಳಿದದ್ದರಿಂದ ಕನ್ನಡ ಕಚೇರಿಯ ಭಾಷೆಯಾಗಿದ್ದ ಒಂದು ಸರ್ಕಾರ ಉಳಿಯಿತು. 1881ರ ಅಕ್ಟೋಬರ್ 7ರಂದು ರಂಗಾಚಾರ್ಲು 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಅದಕ್ಕೆ ಅಧಿಕಾರ ಇರಲಿಲ್ಲ, ಅಹವಾಲು ಹೇಳಿಕೊಳ್ಳಬಹುದಿತ್ತು, ಅಷ್ಟೆ. ಆದರೂ ಕೂಡಿತು, ವರ್ಷ ವರ್ಷ ಕೂಡಿತು. ಗಮನಿಸಬೇಕಾದದ್ದು ಇನ್ನೊಂದು. ಐವತ್ತು ವರ್ಷ ರಾಜನಿಲ್ಲದೆ ನಡೆದ ಕಚೇರಿ ರಾಜ ಬಂದ ಮೇಲೂ ಹಾಗೇ ನಡೆಯಿತು. ಕಬ್ಬನ್ ಕಟ್ಟಿದ ಯಂತ್ರವನ್ನು ದಿವಾನರು ವಹಿಸಿಕೊಂಡರು. ಅರಸನ ಗುಣಾವಗುಣಗಳ ಮೇಲೆ ರಾಜ್ಯದ ಅಳಿವು ಉಳಿವು ನಿಂತಿರಲಿಲ್ಲ. ಅರಸೊತ್ತಿಗೆ ಮುಂದಿನ ತಲೆಮಾರಿಗೆ ದಾಟಿದ್ದಕ್ಕೆ, ಅರಸ ಅಷ್ಟೇನೂ ಅನಿವಾರ್ಯ ಅಲ್ಲದಂತಾದದ್ದೂ ಒಂದು ಕಾರಣ.

ಇದು ಎಷ್ಟು ನಿಜ ಎಂಬುದು 1894ರಲ್ಲಿ ಗೊತ್ತಾಯಿತು. ಆ ವರ್ಷದ ಡಿಸೆಂಬರ್ 28ರಂದು ಕಲ್ಕತ್ತೆಗೆ ಹೋಗಿದ್ದ ಚಾಮರಾಜೇಂದ್ರರು ಗಂಟಲಮಾರಿಯಿಂದ ತೀರಿಕೊಂಡರು. ಮೂವತ್ತೊಂದೇ ವರ್ಷ. ಹಿರಿಯ ಮಗನಿಗೆ ಹತ್ತು. ಮೂವತ್ತು ವರ್ಷದ ಹಿಂದೆ ಇಂಥ ಸಾವು ರಾಜ್ಯವನ್ನೇ ಮುಳುಗಿಸಬಹುದಿತ್ತು. ಈಗ ಹುಡುಗ ನಾಲ್ವಡಿ ಕೃಷ್ಣರಾಜರಾಗಿ ಪಟ್ಟಕ್ಕೆ ಬಂದ, ತಾಯಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು 1902ರವರೆಗೆ ರೀಜೆಂಟ್ ಆಗಿ ನಡೆಸಿದರು, ದಿವಾನ್ ಶೇಷಾದ್ರಿ ಅಯ್ಯರ್ ತಮ್ಮ ಕೆಲಸ ಮುಂದುವರಿಸಿದರು. 1940 ಇನ್ನೂ ಕಠಿಣ ವರ್ಷ. ಮಾರ್ಚ್‌ನಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಮುಂಬೈಯಲ್ಲಿ ತೀರಿಕೊಂಡರು. ಆಗಸ್ಟ್‌ನಲ್ಲಿ ಮಕ್ಕಳಿಲ್ಲದ ನಾಲ್ವಡಿಯವರು. ಐದು ತಿಂಗಳಲ್ಲಿ ಅಣ್ಣ ತಮ್ಮ ಇಬ್ಬರೂ ಹೋದರು, ಯುವರಾಜರ ಮಗ ಜಯಚಾಮರಾಜೇಂದ್ರರು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದರು. ಯಾರೂ ಒಪ್ಪಂದದ ಸಾಲುಗಳನ್ನು ಬಿಡಿಸಿ ನೋಡಲಿಲ್ಲ.

ಅರಸೊತ್ತಿಗೆಯನ್ನು ಕೊನೆಗೆ ಪ್ರಶ್ನಿಸಿದವರು ಪ್ರಜೆಗಳು. 1947ರ ಆಗಸ್ಟ್‌ನಲ್ಲಿ ಜಯಚಾಮರಾಜರು ಭಾರತಕ್ಕೆ ಸೇರಲು ಸಹಿ ಹಾಕಿದರು. ಜವಾಬ್ದಾರಿ ಸರ್ಕಾರ ಕೊಡಲು ಮಾತ್ರ ದಿವಾನರೂ ಅರಮನೆಯೂ ಹಿಂದೇಟು ಹಾಕಿದಾಗ 'ಮೈಸೂರು ಚಲೋ' ಚಳವಳಿ ಎದ್ದಿತು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಬಂತು. 1881ರಲ್ಲಿ ಅಹವಾಲು ಹೇಳಿಕೊಳ್ಳಲು ಕೂಡುತ್ತಿದ್ದವರ ಮಕ್ಕಳು ಮೊಮ್ಮಕ್ಕಳು ಈಗ ಮಂತ್ರಿಗಳಾದರು. ಜಯಚಾಮರಾಜರು ರಾಜಪ್ರಮುಖರಾದರು, ಮೈಸೂರು ರಾಜ್ಯದ ರಾಜ್ಯಪಾಲರಾದರು, 1964ರಿಂದ ಎರಡು ವರ್ಷ ಮದರಾಸಿನ ರಾಜ್ಯಪಾಲರೂ ಆದರು. ವರ್ಷಕ್ಕೆ 26 ಲಕ್ಷದ ರಾಜಧನ ಇತ್ತು. 1971ರ ಡಿಸೆಂಬರಿನಲ್ಲಿ ಸಂವಿಧಾನದ ಇಪ್ಪತ್ತಾರನೆಯ ತಿದ್ದುಪಡಿ ಅದನ್ನೂ, ಮಹಾರಾಜ ಎಂಬ ಮಾನ್ಯತೆಯನ್ನೂ ತೆಗೆದುಹಾಕಿತು. ಮೂರು ವರ್ಷಕ್ಕೆ ಅವರು ತೀರಿಕೊಂಡರು.

ಅವರ ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ನಾಲ್ಕು ಸಲ ಮೈಸೂರಿನ ಸಂಸದರಾಗಿ ಗೆದ್ದರು, ಸೋತದ್ದೂ ಉಂಟು. 2013ರ ಡಿಸೆಂಬರ್ 10ರಂದು ತೀರಿಕೊಂಡಾಗ ಅವರಿಗೆ ಮಕ್ಕಳಿರಲಿಲ್ಲ, ದತ್ತುಮಗನೂ ಇರಲಿಲ್ಲ. ಊರೆಲ್ಲ ಮತ್ತೆ ಅಲಮೇಲಮ್ಮನ ಮಾತಾಡಿತು. 2015ರ ಫೆಬ್ರುವರಿ 23ರಂದು ರಾಣಿ ಪ್ರಮೋದಾದೇವಿ ಅರಸು ಮನೆತನದ ಯದುವೀರ್ ಅವರನ್ನು ಅರಮನೆಯಲ್ಲಿ ದತ್ತು ತೆಗೆದುಕೊಂಡರು. ಯುವಕನಿಗೆ ಇಪ್ಪತ್ತರ ಆಸುಪಾಸು. ನೂರೈವತ್ತು ವರ್ಷದ ಹಿಂದಿನ ಶಾಸ್ತ್ರವೇ, ಹೆಚ್ಚುಕಡಿಮೆ ಅದೇ ಜಾಗದಲ್ಲಿ. ಈ ಸಲ ಟೀವಿ ಕ್ಯಾಮೆರಾಗಳಿದ್ದವು. ಒಪ್ಪಿಗೆ ಕೇಳಿ ಕಲ್ಕತ್ತೆಗೂ ಲಂಡನ್ನಿಗೂ ದೆಹಲಿಗೂ ಪತ್ರ ಹೋಗಬೇಕಿರಲಿಲ್ಲ. ಒಂಬತ್ತು ವರ್ಷದ ನಂತರ, 2024ರಲ್ಲಿ, ಯದುವೀರ್ ಮೈಸೂರು ಕೊಡಗು ಕ್ಷೇತ್ರದಲ್ಲಿ ಲೋಕಸಭೆಗೆ ನಾಮಪತ್ರ ಸಲ್ಲಿಸಿ, ಹಳ್ಳಿ ಹಳ್ಳಿ ತಿರುಗಿ ಓಟು ಕೇಳಿ ಗೆದ್ದರು.